ಮೂರನೆಯ ಮನೆಯ ಬಾಲ್ಕನಿ

ಮಹಡಿಯ ಕೋಣೆಯಿಂದ
ಜನವರಿ 19, ಭಾನುವಾರ ಮಧ್ಯಾಹ್ನ

ಪ್ರೀತಿಯ ಕಪ್ತಾನಾ,

ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುವವನನ್ನು ಕಪ್ತಾನ ಅನ್ನಬಾರದು ಎಂದು ನೀನು ಎಷ್ಟು ಸಲ ಹೇಳಿದರೂ, ಅದು ಮಗಳು ಇಟ್ಟ ಹೆಸರು, ಬದಲಾಗುವುದಿಲ್ಲ. ಬೆನ್ನುನೋವು ಹೇಗಿದೆ? ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೀಯಾ, ಇಲ್ಲಾ ಅದು ಕಪಾಟಿನಲ್ಲಿ ಹಾಯಾಗಿ ಮಲಗಿದೆಯಾ? ಅತ್ತೆಯ ಮಂಡಿ ಪರವಾಗಿಲ್ಲ. ಬಾಯಿಯಂತೂ ಮೊದಲಿಗಿಂತ ಚುರುಕು. ಫೋನಿನಲ್ಲಿ ನಾನು ಮಾತು ಮುಗಿಸುವ ಮೊದಲೇ ನೀನು "ಸರಿ, ಸೈನ್ ಮಾಡು" ಅಂದುಬಿಡುತ್ತೀಯ, ಆಮೇಲೆ ಲೈನ್ ಹೋಗುತ್ತದೆ. ಅದಕ್ಕೇ ಈ ಕಾಗದ.

ಹೋದ ಭಾನುವಾರ ಮೂರನೆಯ ಮನೆ ನೋಡಿ ಬಂದೆ. ಎಲ್ಲದಕ್ಕೂ 'ಆಗುತ್ತೆ ಬಿಡಿ' ಅನ್ನುವ ನಮ್ಮ ದಲ್ಲಾಳಿ ಬೀಗ ತೆಗೆದುಕೊಟ್ಟು, ಫೋನ್ ಕಿವಿಗಿಟ್ಟುಕೊಂಡು ಮೆಟ್ಟಿಲ ಕಡೆ ಹೋದ. ಖಾಲಿ ಮನೆಯಲ್ಲಿ ನಾನೊಬ್ಬಳೇ. ಹೊಸ ಸುಣ್ಣದ ವಾಸನೆ, ನಲ್ಲಿಗೆ ಸುತ್ತಿದ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಬಾಲ್ಕನಿಯ ಸರಳುಗಳ ನೆರಳು ನೆಲದ ಮೇಲೆ ಎಷ್ಟು ಮೆಲ್ಲಗೆ ಜರುಗುತ್ತಿತ್ತೆಂದರೆ, ಮನೆಯೇ ಸದ್ದಿಲ್ಲದೆ ಎಲ್ಲಿಗೋ ಹೊರಟಂತಿತ್ತು. ನಾನು ನೆಲದ ಮೇಲೆ ಕುಳಿತುಬಿಟ್ಟೆ. ನಿನ್ನ ಕುರ್ಚಿ ಅಲ್ಲಿ, ನಿನ್ನ ರೇಡಿಯೋ ಇಲ್ಲಿ ಅಂದುಕೊಂಡೆ. ಬಾಡಿಗೆಗೆ ಕೊಡಲೆಂದೇ ಕೊಳ್ಳುವ ಮನೆಯಲ್ಲಿ ನಿನ್ನ ಕುರ್ಚಿಗೆ ಜಾಗ ಹುಡುಕಿದೆನಲ್ಲ, ನನಗೇನಾಗಿತ್ತು?

ಸಾಲವನ್ನು ನಾವು ಹಣದಲ್ಲಿ ಎಣಿಸಿದವರೇ ಅಲ್ಲ, ನಿನ್ನ ಪ್ರಯಾಣಗಳಲ್ಲಿ ಎಣಿಸಿದವರು. ನಾವಿರುವ ಈ ಮನೆಯ ಅಡುಗೆಕೋಣೆ ಒಂದು ಪ್ರಯಾಣ, ಮಹಡಿ ಎರಡು. ಎರಡನೆಯ ಮನೆಗೆ ನಿನ್ನ ಪ್ರಯಾಣವೇ ಬೇಡ, ಬಾಡಿಗೆಯೇ ಕಂತು ಕಟ್ಟುತ್ತದೆ ಅಂದುಕೊಂಡಿದ್ದೆವು. ಹೋದ ವರ್ಷ ಬಾಡಿಗೆಯವರು ಬಿಟ್ಟುಹೋಗಿ ಮನೆ ಖಾಲಿ ಬಿದ್ದಾಗ ನೀನು ಮತ್ತೆ ಹಡಗು ಹತ್ತಿದೆ. ಆ ಪ್ರಯಾಣವನ್ನು ನಾವು ಯಾವ ಕೋಣೆಯ ಲೆಕ್ಕಕ್ಕೂ ಬರೆದುಕೊಳ್ಳಲಿಲ್ಲ.

ಈಗ ಬ್ಯಾಂಕಿನವರು ಹೇಳುವುದೂ ಸುಲಭವಾಗಿದೆ. ನಾವಿರುವ ಮನೆಯ ಬೆಲೆ ಏರಿದೆ, ಅದನ್ನು ಅಡವಿಟ್ಟು ಮೂರನೆಯದಕ್ಕೆ ಸಾಲ ತೆಗೆಯಿರಿ, ಉಳಿದದ್ದನ್ನು ಬಾಡಿಗೆ ನೋಡಿಕೊಳ್ಳುತ್ತದೆ. ಬಾಡಿಗೆಯ ಎರಡೂ ಮನೆ ಒಟ್ಟಿಗೆ ಖಾಲಿಯಾಗಿ, ಬಡ್ಡಿಯೂ ಏರಿದರೆ ಎಂದು ಕೇಳಿದೆ. ಆ ಅಧಿಕಾರಿ ನಕ್ಕು, "ಮೇಡಂ, ಎಲ್ಲಾ ಒಂದೇ ಸಲಕ್ಕೆ ಕೈಕೊಡಲ್ಲ" ಅಂದರು. ರಾತ್ರಿ ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ ತಲೆಯಿಟ್ಟು ಸಾಲಾಗಿ ನಿದ್ದೆಹೋದವರಂತೆ ಕಂಡವು ನನಗೆ ನಮ್ಮ ಮನೆಗಳು. ತುದಿಯಲ್ಲಿ ಎಚ್ಚರವಾಗಿ ಕೂತವನು ನೀನು, ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು.

ಅತ್ತೆಗೆ ಹೇಳಿದರೆ, "ಮೂರು ಮನೆ ಮಾಡಿ, ಮೂರರಲ್ಲೂ ನಾನೇ ಪೊರಕೆ ಹಿಡ್ಕೊಂಡು ನಿಂತಿರ್ಬೇಕಾ? ಅವನು ಬರೋದ್ಯಾವಾಗ ಕೇಳು ಮೊದ್ಲು" ಅಂದರು. ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ಕಪ್ತಾನ ಬಂದ್ರೆ ಒಂದು ಮನೆ ಸಾಕಲ್ವಾ ಅಮ್ಮಾ?" ಅಂದಳು, ಅಷ್ಟೇ. ಫೋಟೋದಲ್ಲಿ ನೋಡಿಯೇ ಆ ಬಾಲ್ಕನಿ ನಿನಗೆ ಎಷ್ಟು ಇಷ್ಟವಾಗಿತ್ತೆಂದು ನನಗೆ ಗೊತ್ತು. ನನಗೂ ಇಷ್ಟವಾಯಿತು, ಕಷ್ಟವಾದದ್ದೇ ಅದರಿಂದ. ಅತಿಯಾಗಿ ಹೆದರುತ್ತಿದ್ದೇನೆಯೇ ಎಂದು ಆ ಮನೆಯಿಂದ ಬರುವ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ.

ಅತ್ತೆಯ ಆಶೀರ್ವಾದ, ಮಗಳ ಮುತ್ತು. ಊಟ ಹೊತ್ತಿಗೆ ಸರಿಯಾಗಿ ಮಾಡು, ಬೆಲ್ಟ್ ಮರೆಯಬೇಡ.

ಎಂದೆಂದೂ ನಿನ್ನ,
ದಡದವಳು

ಮರೆತಿದ್ದೆ: ಸಾಲದ ಪತ್ರಕ್ಕೆ ಸಹಿ ಹಾಕಲಿಲ್ಲ. ಮೂರನೆಯ ಮನೆಗೆಂದು ಕೂಡಿಟ್ಟಿದ್ದನ್ನೆಲ್ಲ ಮೊನ್ನೆ ಎರಡನೆಯ ಮನೆಯ ಅಸಲಿಗೆ ಕಟ್ಟಿಬಿಟ್ಟೆ. ಈಗ ಕಂತು ಎಷ್ಟು ಇಳಿದಿದೆಯೆಂದರೆ, ಆ ಮನೆ ಖಾಲಿ ಬಿದ್ದರೂ ನನ್ನ ಸಂಬಳ ತಡೆದುಕೊಳ್ಳುತ್ತದೆ. ದಲ್ಲಾಳಿಗೆ ಕೊಟ್ಟಿದ್ದ ಮುಂಗಡ ಮಾತ್ರ ಹೋಯಿತು. ಕಂಪನಿಯವರು ಮುಂದಿನ ಪ್ರಯಾಣದ ಒಪ್ಪಂದ ತಂದರೆ ನೀನೂ ಸಹಿ ಹಾಕಬೇಡ. ನಿನ್ನನ್ನು ಕೇಳದೆ ಮಾಡಿದೆನೆಂದು ಕೋಪ ಬಂದರೆ, ಬಂದು ಇಲ್ಲೇ ಮಾಡಿಕೋ.