ಹದಿನಾಲ್ಕನೇ ಪುಟದ ಬಾಣ

ಪೆನ್ಸಿಲಪ್ಪಾ,

ಇದು ನಿನಗೆ ಮುಟ್ಟುವುದಿಲ್ಲವೆಂದು ಗೊತ್ತು. ನೀನು ತೀರಿಕೊಂಡು ಆರು ವರ್ಷವಾಯಿತು. ನಮ್ಮ ಮೋನಾಡ್ ಪ್ರಮೇಯ ಇವತ್ತು ಬಿದ್ದುಹೋಯಿತು. 'ನಮ್ಮ' ಎನ್ನುತ್ತಿದ್ದೇನೆ ನೋಡು, ಬಿದ್ದ ಮೇಲೆ.

ಪಕ್ಕಪಕ್ಕದಲ್ಲಿಟ್ಟು ಜೋಡಿಸುವ ಗುಣಾಕಾರ ಒಂದು, ಒಂದರ ಬೆನ್ನಿಗೊಂದು ಜೋಡಿಸುವ ಗುಣಾಕಾರ ಇನ್ನೊಂದು. ಎರಡಕ್ಕೂ ಹೊಂದುವ, ಮೋನಾಡ್ ಎಂಬ ಗಣಿತರಚನೆ ನಮಗೆ ಬೇಕಿತ್ತು. ನಾವಿಬ್ಬರೂ ಸೇರಿ ಬರೆದ ಕರಡಿನ ಹದಿನಾಲ್ಕನೇ ಪುಟದಲ್ಲಿ ಒಂದು ಜೋಡಣೆಯಿಂದ ಇನ್ನೊಂದಕ್ಕೆ ಹೋಗುವ ಬಾಣವನ್ನು ನಾನು ಎರಡೂ ಕಡೆಗೆ ಓಡಿಸಿದ್ದೆ. ನೀನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೆ: "ಇದು ಹೋಗತ್ತೆ, ವಾಪಸ್ ಬರಲ್ಲ ಕಣೋ." ನಾನು ಅದನ್ನು ರಬ್ಬರಿನಿಂದ ಅಳಿಸಿ, ನಿನ್ನ ಹೆಸರನ್ನೂ ತೆಗೆದು ಅಚ್ಚಿಗೆ ಕಳಿಸಿದೆ. ಆಮೇಲೆ ನೀನು ನನ್ನ ಕೋಣೆಗೆ ಕಾಲಿಡಲಿಲ್ಲ.

ಇವತ್ತು ಸೆಮಿನಾರಿನಲ್ಲಿ ನನ್ನ ವಿದ್ಯಾರ್ಥಿನಿ ಬೋರ್ಡಿನ ಮೇಲೆ ಒಂದು ಪುಟ್ಟ ಉದಾಹರಣೆ ಬರೆದಳು. ಐದೇ ಸಾಲು. ಬಾಣ ವಾಪಸ್ ಬರಲಿಲ್ಲ. ನಾನು ಸೀಮೆಸುಣ್ಣ ಹಿಡಿದು ಎದ್ದೆ; ಐದೂ ಸಾಲು ಮತ್ತೊಮ್ಮೆ ಓದಿ ಅದನ್ನು ಕೆಳಗಿಟ್ಟೆ.

ಎಲ್ಲರೂ ಹೋದ ಮೇಲೆ ಬೋರ್ಡು ಒರೆಸುತ್ತಾ ಅವಳು ಕೇಳಿದಳು: "ಸರ್, ಇದು ಮುಂಚೆ ಯಾರಿಗೂ ಹೊಳೆದೇ ಇರ್ಲಿಲ್ವಾ?"

"ಇಲ್ಲಮ್ಮ," ಎಂದೆ. "ನೀನೇ ಮೊದಲು."