ಫಾರ್ಮು ತುಂಬಿದವರ ಹೆಸರು

ನವೆಂಬರ್ 5, ಬುಧವಾರ. ಊಟದ ಬಿಡುವು

ಬೆಳಿಗ್ಗೆಯಿಂದ ಹನ್ನೊಂದು ಅರ್ಜಿ. ನಾಲ್ಕು ವೀಸಾ ಕ್ಯಾನ್ಸಲ್, ಮೂರು ಎಮಿರೇಟ್ಸ್ ಐಡಿ, ಉಳಿದದ್ದು ಬಾಡಿಗೆ ಕರಾರು. ಬೆರಳು ತಾನಾಗಿ ಓಡುತ್ತದೆ. ಹದಿನಾರು ವರ್ಷದಿಂದ ದುಬೈ ಅಲ್ ಕುಸೈಸಿನ ಇದೇ ಟೈಪಿಂಗ್ ಸೆಂಟರ್, ಇದೇ ಕುರ್ಚಿ. ಎಲ್ಲರ ಅಪ್ಪನ ಹೆಸರು, ಹುಟ್ಟಿದ ತಾರೀಕು ನನ್ನ ಬೆರಳಿಗೆ ಗೊತ್ತು. ನನ್ನ ಹೆಸರು ಮಾತ್ರ ಯಾವ ಕಾಗದದ ಮೇಲೂ ಬೀಳುವುದಿಲ್ಲ.

ಮೊಬೈಲಿನಲ್ಲಿ ಸುದ್ದಿ. ಅಮೆರಿಕದಲ್ಲಿ ಸರ್ಕಾರವೇ ಬಂದ್. ಇವತ್ತಿಗೆ ಮೂವತ್ತಾರು ದಿನ. ಊರಿನಲ್ಲಿ ಬೀಡಿ ಕಾರ್ಮಿಕರ ಸಂಘದಲ್ಲಿದ್ದಾಗ ನಾವು ಒಂದೇ ಒಂದು ದಿನ ಬಂದ್ ಮಾಡಿದರೆ ಲಾಠಿ ಬೀಳುತ್ತಿತ್ತು. ಅಲ್ಲಿ ಸರ್ಕಾರ ತನ್ನ ಮನೆಗೆ ತಾನೇ ಬೀಗ ಹಾಕಿ ಕೂತಿದೆ. ಪೆಟ್ಟು ಯಾರಿಗೆ? ಸಂಬಳ ನಿಂತ ನೌಕರನಿಗೆ. ಯಾವ ದೇಶವಾದರೂ ಅಷ್ಟೇ.

ಆದರೆ ಅದೇ ದೇಶದ ನ್ಯೂಯಾರ್ಕಿನಲ್ಲಿ, ಬಾಡಿಗೆ ಏರಿಸಬೇಡಿ ಎಂದವನು ಮೇಯರ್ ಚುನಾವಣೆ ಗೆದ್ದಿದ್ದಾನೆ! ಏನಪ್ಪಾ ಇದು. ಹತ್ತೊಂಬತ್ತನೇ ವಯಸ್ಸಿನಿಂದ "ಅಮೆರಿಕಕ್ಕೆ ಧಿಕ್ಕಾರ" ಎಂದು ಕೂಗಿದವಳು ನಾನು. ಧಿಕ್ಕಾರ ಕೂಗಬೇಕಾದರೆ ಎದುರಿನವನಿಗೆ ಒಂದೇ ಮುಖ ಇರಬೇಕು.

ಕನ್ನಡದವರ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕುವ ಹಾಗಿಲ್ಲ. ರಾಜಕೀಯ ಬೇಡ ಅಂತ ನಿಯಮ. ಗುಡ್ ಮಾರ್ನಿಂಗ್, ಹೂವು, ಶ್ರದ್ಧಾಂಜಲಿ — ಅಷ್ಟೇ. ಹಾಗಾಗಿ ಈ ನೋಟ್‌ಬುಕ್ಕು.

ನವೆಂಬರ್ 8, ಶನಿವಾರ

ಕಜೆತಾನ್ ಬಂದಿದ್ದರು. ಅಬುಧಾಬಿ ಖಾಲಿದಿಯಾದ ಹೋಟೆಲಿನಲ್ಲಿ ಸ್ಟೋರ್ ಕೀಪರ್. ಅರವತ್ತೆರಡು. ಹೆಂಡತಿ ಲೂರ್ದ್ ಬಾಯಿ ತೀರಿಕೊಂಡು ಎರಡು ವರ್ಷ. ಆ ಮೇಲೆ ಶನಿವಾರ ಬಸ್ಸು, ಮೆಟ್ರೋ ಎರಡನ್ನೂ ಹತ್ತಿ ಬರುತ್ತಾರೆ. ಮೊದಲು ನನ್ನ ಹತ್ತಿರ ಜಗಳ, ಆಮೇಲೆ ಊದ್ ಮೇಥಾದ ಇಗರ್ಜಿಯಲ್ಲಿ ಪೂಜೆ.

ಬಾಗಿಲಲ್ಲೇ ಶುರು. ಅವರಿಗೆ ನಾನು ಬಾಯಿ, ನನಗೆ ಅವರು ಪೊರ್ಬುಗಳು; ನಮ್ಮ ಊರಿನ ಕಡೆ ಕ್ರಿಸ್ತುವರನ್ನು ಹಾಗೇ ಕರೆಯುವುದು.

"ಬಾಯಿ, ನ್ಯೂಯಾರ್ಕಿನಲ್ಲಿ ನಿಮ್ಮ ಪಾರ್ಟಿ ಗೆದ್ದಿತಂತೆ! ಸ್ವೀಟ್ ಎಲ್ಲುಂಟು?"

"ಪೊರ್ಬುಗಳೇ, ನಿಮ್ಮ ಯಜಮಾನರ ಆಫೀಸಿಗೆ ಬೀಗ ಬಿದ್ದು ಮೂವತ್ತೊಂಬತ್ತು ದಿನ ಆಯ್ತು. ಮೊದಲು ಅದರ ತಿಥಿ ಊಟ ಹಾಕಿಸಿ."

ಅವರಿಗೆ ಈಗಿನ ಅಧ್ಯಕ್ಷ ಅಂದರೆ ಪ್ರಾಣ. ಶಿಸ್ತು ತರ್ತಾರೆ, ದೇವರ ಹೆಸರು ಹೇಳ್ತಾರೆ ಅಂತ. ಕೈಗೆ ಕೋಳ ಹಾಕಿ ನಮ್ಮವರನ್ನು ಮಿಲಿಟರಿ ವಿಮಾನದಲ್ಲಿ ತಂದು ಅಮೃತಸರದಲ್ಲಿ ಇಳಿಸಿದರಲ್ಲ, ಅದೂ ಶಿಸ್ತೇ? ಕೇಳಿದೆ. "ಅವರು ಬೇಲಿ ಹಾರಿದವರು. ನಾನು ಗೇಟಿನಲ್ಲಿ ಹೋಗುವವನು" ಎಂದರು.

ಗೇಟಿನ ವಿಷಯಕ್ಕೇ ಬಂದದ್ದು. ಮಗಳು ಶಾರನ್ ಹ್ಯೂಸ್ಟನ್‌ನಲ್ಲಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಗಂಡ ಪ್ರಿಯನ್‌ಗೆ ಪಾಳಿಯ ಕೆಲಸ. ಚೊಚ್ಚಲು. ಜನವರಿ ಮೊದಲ ವಾರ ಎಂದಿದ್ದಾರೆ. ಬಿಪಿ ಏರಿ ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಾರಂತೆ.

"ಅವಳ ಅಮ್ಮ ಇದ್ದಿದ್ದರೆ ಅವಳೇ ಹೋಗ್ತಿದ್ದಳು ಬಾಯಿ. ಈಗ ಬಾಣಂತನಕ್ಕೆ ನಾನೇ. ನನಗೆ ಸೂಪು, ಗಂಜಿ ಬರ್ತದೆ. ವೀಸಾ ಒಂದು ಮಾಡಿ ಕೊಡಿ."

ಮಾಡಿಕೊಡುತ್ತೇನೆ ಎಂದೆ. ಇದಕ್ಕೆ ಧಿಕ್ಕಾರ ಕೂಗಲಿಕ್ಕೆ ಬಾಯಿ ಬರಲಿಲ್ಲ.

ನವೆಂಬರ್ 9, ಭಾನುವಾರ

ಕಜೆತಾನ್‌ಗೆ ಒಂದು ಹುಚ್ಚು. ಫೇಸ್‌ಬುಕ್ಕಿನಲ್ಲಿ "ಹೀಗಾಗಿದ್ದರೆ" ಅಂತ ಒಂದು ಪೇಜು. ಸ್ವಂತ ಹೆಸರಿಲ್ಲ. ವಾರಕ್ಕೊಂದು ಸಲ ಇತಿಹಾಸವನ್ನು ಮಗುಚಿ ಹಾಕಿ, ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅಮೆರಿಕದಲ್ಲಿ ಅಂತರ್ಯುದ್ಧವೇ ಆಗದಿದ್ದರೆ? ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಲ್ಲುತ್ತಿರಲಿಲ್ಲ, ಧಾರವಾಡದ ಹತ್ತಿಗೆ ಆ ಬೆಲೆ ಬರುತ್ತಿರಲಿಲ್ಲ. ಓದಿ ನಗುತ್ತೇನೆ. ಓದುವುದು ಮಾತ್ರ ಬಿಡುವುದಿಲ್ಲ.

ನಿನ್ನೆ ಹೊಸದೊಂದು ಹೇಳಿದರು. ಎರಡು ಸಾವಿರದ ಇಸವಿಯಲ್ಲಿ ಫ್ಲೋರಿಡಾದ ಮತ ಮರುಎಣಿಕೆಯನ್ನು ಕೋರ್ಟು ನಿಲ್ಲಿಸದಿದ್ದರೆ? ಬೇರೆಯವನು ಅಧ್ಯಕ್ಷ. ಇರಾಕ್ ಯುದ್ಧ ಇಲ್ಲ.

"ಒಳ್ಳೆದೇ ಆಗ್ತಿತ್ತಲ್ಲ!" ಎಂದೆ.

"ಒಳ್ಳೆದೇ. ಆದ್ರೆ ನಾನು ಇರಾಕಿನ ಅಮೆರಿಕನ್ ಕ್ಯಾಂಪಿನಲ್ಲಿ ಕುಕ್ ಆಗ್ತಿರಲಿಲ್ಲ. ಮೂರು ವರ್ಷ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸೋಲ್ಜರ್‌ಗಳಿಗೆ ಆಮ್ಲೆಟ್ ಹಾಕಿದ್ದೇನೆ. ಶಾರನ್ ಓದಿದ್ದು ಅದರಲ್ಲಿ."

ಆ ಮೂರು ವರ್ಷ ನಾನೆಲ್ಲಿದ್ದೆ? ಮಂಗಳೂರಿನ ಹಂಪನಕಟ್ಟೆಯಲ್ಲಿ ಯುದ್ಧದ ವಿರುದ್ಧ ಪ್ರತಿಕೃತಿ ಸುಡುತ್ತಿದ್ದೆ. ಹುಲ್ಲು ತಂದವಳು ನಾನು, ಸೀಮೆಎಣ್ಣೆ ತಂದವಳು ನಾನು. ಆ ಯುದ್ಧ ನಿಂತಿದ್ದರೆ ಲಕ್ಷ ಜನ ಬದುಕುತ್ತಿದ್ದರು. ಇದರಲ್ಲಿ ಎರಡು ಮಾತಿಲ್ಲ. ಹಾಗಾದರೆ ಶಾರನ್? ಅವಳ ಹೊಟ್ಟೆಯಲ್ಲಿರುವ ಮಗು?

ಲೆಕ್ಕ ತಪ್ಪುತ್ತಿದೆ. ಸರಿ ಯಾವುದು ಅಂತ ನನಗೆ ಗೊತ್ತು. ಗೊತ್ತಿದ್ದೂ ಗೊಂದಲ.

ನವೆಂಬರ್ 15, ಶನಿವಾರ

ಅಮೆರಿಕದ ಬೀಗ ತೆರೆದಿದೆ. ಕಜೆತಾನ್ ಎದುರು ಕೂತರು. ನಾನು ಫಾರ್ಮು ತೆರೆದೆ. ಉದ್ದ ಅಂದರೆ ಉದ್ದ. ಭಯೋತ್ಪಾದಕರೋ? ಅಲ್ಲ. ನರಮೇಧ ಮಾಡಿದ್ದೀರೋ? ಇಲ್ಲ. "ಮಾಡಿದವರು ಇದರಲ್ಲಿ ಹೌದು ಅಂತ ಬರೀತಾರಾ?" ಎಂದು ಅವರಿಗೆ ನಗು.

ಮುಂದಿನ ಪ್ರಶ್ನೆ. ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಹೇಳಿ.

ಕೈ ನಿಂತಿತು.

ಸ್ವಂತ ಹೆಸರಿನ ಖಾತೆಯಲ್ಲಿ ಜಪಮಾಲೆ, ಬರ್ತ್‌ಡೇ ಕೇಕು. ತೊಂದರೆಯಿಲ್ಲ. ಆದರೆ ಆ ಪೇಜು? ಹೋದ ಜನವರಿಯಲ್ಲಿ ಅಲ್ಲಿ ಒಂದು ಬರಹ ಹಾಕಿದ್ದರು. 1837ರಲ್ಲಿ ಸುಳ್ಯದ ಕಡೆಯ ರೈತರು ಬ್ರಿಟಿಷರ ಮೇಲೆ ಎದ್ದು ಬಂದು ಮಂಗಳೂರನ್ನು ಹದಿಮೂರು ದಿನ ಹಿಡಿದಿಟ್ಟರು. 2021ರ ಜನವರಿ ಆರರಂದು ಅಮೆರಿಕದ ಪಾರ್ಲಿಮೆಂಟಿಗೆ ನುಗ್ಗಿದವರೂ ಹಾಗೆ ಹದಿಮೂರು ದಿನ ಕೂತಿದ್ದರೆ?

ಓದಿ ಕುದಿದು ಹೋಗಿದ್ದೆ. ನನ್ನ ಗಂಡ ಪೂವಪ್ಪ ಸುಳ್ಯದವನು, ಅವನ ಕಡೆಯವರ ರಕ್ತ ಅದು. ಆ ಶನಿವಾರ ಇದೇ ಮೇಜಿನ ಮೇಲೆ ಕುಟ್ಟಿ ಹೇಳಿದ್ದೆ: "ನಮ್ಮವರು ಉಪ್ಪಿನ ತೆರಿಗೆ ತಾಳದೆ ಎದ್ದವರು. ಇವರು ಸೋತ ಯಜಮಾನನಿಗಾಗಿ ಎದ್ದವರು. ಎಷ್ಟು ದಿನ ನಿಂತರು ಅಂತ ಕೇಳ್ಬೇಡಿ, ಯಾರಿಗಾಗಿ ನಿಂತರು ಅಂತ ಕೇಳಿ." ಯಜಮಾನನ ಬಗ್ಗೆ ಇನ್ನೂ ಏನೇನೋ ಹೇಳಿದ್ದೆ. ಅದನ್ನೆಲ್ಲ ಇಲ್ಲಿ ಬರೆಯಲಾರೆ.

"ನಿಮ್ಮ ರೈತರು ಮುಂದೆ ಯಾರನ್ನು ನಿಲ್ಲಿಸಿದ್ರು ಬಾಯಿ? ಕೊಡಗಿನ ರಾಜನ ವಂಶದವನು ಅಂತ ಒಬ್ಬನನ್ನು. ಅವರಿಗೂ ಯಜಮಾನ ಬೇಕಾಗಿತ್ತು" ಎಂದಿದ್ದರು. ಎರಡೂ ಒಂದೇ ಅಲ್ಲ. ಖಂಡಿತ ಅಲ್ಲ. ಆದರೆ...

ಮರುವಾರ ನೋಡಿದರೆ ನನ್ನ ಮಾತನ್ನೆಲ್ಲ, ಬೈಗಳೂ ಬಿಡದೆ, ಇಂಗ್ಲಿಷಿಗೆ ತಿರುಗಿಸಿ ಪೇಜಿನಲ್ಲಿ ಹಾಕಿದ್ದರು. "ಕೆಂಬಾವುಟದ ನನ್ನ ಗೆಳತಿ ಹೀಗೆನ್ನುತ್ತಾಳೆ" ಅಂತ.

ಈಗ ಆ ಪೇಜಿನಲ್ಲಿ ಎರಡೂ ಇವೆ. ಅವರ ಮಾತು, ನನ್ನ ಮಾತು. ವೀಸಾ ಕೊಡುವವನು ಯಾವುದನ್ನು ಓದುತ್ತಾನೆ? ಅಂದು ನುಗ್ಗಿದವರಿಗೆ ಈಗ ಕ್ಷಮೆ ಸಿಕ್ಕಿದೆ. ಹಾಗಾದರೆ ಕಜೆತಾನ್ ಬರೆದದ್ದು ತೊಂದರೆಯಿಲ್ಲ, ನನ್ನದು ತೊಂದರೆ. ನಾಳೆ ಸರ್ಕಾರ ಬದಲಾದರೆ ತಿರುಗಾಮುರುಗಾ.

ಪೇಜಿನ ಹೆಸರು ಬಿಟ್ಟೆ. ಅವರಿಗೆ ಹೇಳಲಿಲ್ಲ.

ಕೊನೆಯಲ್ಲಿ ಇನ್ನೊಂದು ಪ್ರಶ್ನೆ. ಈ ಅರ್ಜಿ ತುಂಬಲು ಯಾರಾದರೂ ಸಹಾಯ ಮಾಡಿದರೇ? ನಾವು ಯಾವತ್ತೂ "ಇಲ್ಲ" ಒತ್ತುವುದು. ಎಲ್ಲ ಟೈಪಿಂಗ್ ಸೆಂಟರಿನವರ ಅಭ್ಯಾಸ ಅದು. ಒತ್ತಿದೆ.

"ಎಲ್ಲ ಸರಿ ಉಂಟಲ್ಲ?" ಕೇಳಿದರು.

"ಖಲಾಸ್" ಎಂದೆ. ಓದದೆ ಸಬ್‌ಮಿಟ್ ಒತ್ತಿದರು. ನನ್ನ ಮೇಲೆ ಅಷ್ಟು ನಂಬಿಕೆ.

ಡಿಸೆಂಬರ್ 4, ಗುರುವಾರ

ಹತ್ತೊಂಬತ್ತು ದಿನ ಬರೆದಿಲ್ಲ. ಹೆದರಿಕೆಯನ್ನು ಬರೆದರೆ ಗಟ್ಟಿಯಾಗುತ್ತದೆ ಅಂತ.

ಇವತ್ತು ಎಂಬೆಸಿಯಲ್ಲಿ ಇಂಟರ್‌ವ್ಯೂ. ಹನ್ನೊಂದೂವರೆಗೆ ಫೋನು.

"ಬಾಯಿ, ಎಂತ ಮಾಡಿದ್ದು ನೀವು?"

ಕಿಟಕಿಯ ಹಿಂದಿನವಳು ಚಿಕ್ಕ ಪ್ರಾಯದವಳಂತೆ. ನಗುತ್ತಲೇ ಕೇಳಿದಳಂತೆ, ಇಷ್ಟೇ ಖಾತೆಯೋ ಅಂತ. ಇವರು ಹೆಮ್ಮೆಯಿಂದ, ಇಲ್ಲಮ್ಮಾ, ನನ್ನದೊಂದು ಹಿಸ್ಟರಿ ಪೇಜ್ ಉಂಟು, ನಿಮ್ಮ ದೇಶದ ಬಗ್ಗೆಯೇ ಬರೀತೇನೆ ಎಂದಿದ್ದಾರೆ. ಫಾರ್ಮಿನಲ್ಲಿ ಯಾಕಿಲ್ಲ? ಗೊತ್ತಿಲ್ಲ, ಟೈಪಿಂಗ್ ಸೆಂಟರಿನಲ್ಲಿ ಮಾಡಿಸಿದ್ದು. ಯಾರೂ ಸಹಾಯ ಮಾಡಿಲ್ಲ ಅಂತ ಬರೆದಿದೆಯಲ್ಲ?

ಒಂದು ಕಾಗದ ಕೊಟ್ಟು ಕಳಿಸಿದ್ದಾರೆ. ಪಾಸ್ ಇಲ್ಲ, ಫೇಲೂ ಇಲ್ಲ. ಬಿಟ್ಟದ್ದನ್ನೆಲ್ಲ ತುಂಬಿ ಹೊಸ ಫಾರ್ಮು ಕಳಿಸಬೇಕು. ಆ ಮೇಲೆ ನೋಡುತ್ತಾರಂತೆ.

"ನಾನು ಸುಳ್ಳು ಹೇಳುವವನು ಅಂತ ಆಯ್ತು. ಅವರ ಗೇಟಿನಲ್ಲಿ ನಿಂತು."

ಕ್ಷಮಿಸಿ ಅನ್ನಬೇಕಿತ್ತು. "ನಿಮ್ಮ ಒಳ್ಳೆದಕ್ಕೇ ಮಾಡಿದ್ದು" ಎಂದೆ. ನಲವತ್ತು ವರ್ಷ ಯಾವ ಮಾತನ್ನು ಅಧಿಕಾರಿಗಳ ಬಾಯಲ್ಲಿ ಕೇಳಿ ಉಗಿದಿದ್ದೆನೋ, ಅದೇ ಮಾತು.

ಫೋನು ಇಟ್ಟರು.

ಡಿಸೆಂಬರ್ 6, ಶನಿವಾರ

ಕಜೆತಾನ್ ಬರಲಿಲ್ಲ.

ಸುದ್ದಿ: ಅಮೆರಿಕದ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಅಲ್ಲಿಯದಾಗುತ್ತದೋ ಇಲ್ಲವೋ, ಅಲ್ಲಿನ ದೊಡ್ಡ ಕೋರ್ಟು ವಿಚಾರಣೆಗೆ ತೆಗೆದುಕೊಂಡಿದೆ. ಶಾರನ್, ಪ್ರಿಯನ್ ಇಬ್ಬರದೂ ವರ್ಕ್ ವೀಸಾ. ಇನ್ನೂ ಹುಟ್ಟದ ಕೂಸಿನ ಮೇಲೆ ಆಗಲೇ ಕೇಸು! ಥೂ. ಹೊಟ್ಟೆಯಲ್ಲಿರುವಾಗಲೇ ಕಾಗದ ಕೇಳುವ ರಾಜಕೀಯಕ್ಕೆ ಧಿಕ್ಕಾರ. ಇಲ್ಲಿ ಗೊಂದಲವಿಲ್ಲ.

ಕಜೆತಾನ್‌ಗೆ ಸುದ್ದಿ ಕಳಿಸಿದೆ. ನೋಡಿದ್ದಾರೆ, ಅಷ್ಟೇ. ಹುಟ್ಟಿದ ಮಾತ್ರಕ್ಕೆ ಅಲ್ಲಿಯದಲ್ಲ ಎಂದ ಅವರ ಯಜಮಾನರ ಆದೇಶವೇ ಅವರ ಮೊಮ್ಮಗುವಿನ ಮೇಲೆ. ಚುಚ್ಚಲಿಕ್ಕೆ ಕಳಿಸಿದೆನೋ, ಮರುಗಿ ಕಳಿಸಿದೆನೋ... ನನಗೇ ತಿಳಿಯದು.

ಡಿಸೆಂಬರ್ 8, ಸೋಮವಾರ

ಮಾಲೀಕ ಉಮರ್‌ಗೆ ಹೇಳಿದೆ. ಉಳ್ಳಾಲದವನು, ಒಳ್ಳೆಯವನು. ಮುಖ ಬಿಳಿಚಿತು.

"ಹರಿಣಾಕ್ಷಕ್ಕ, ಪೇಜಿನ ಹೆಸರು ಹಾಕಿ. ಆದ್ರೆ ಸಹಾಯ ಮಾಡಿದ್ದು ಯಾರು ಅಂತ ಇರುವಲ್ಲಿ ನಮ್ಮ ಸೆಂಟರಿನ ಹೆಸರು ಮಾಫಿ, ಬೇಡವೇ ಬೇಡ. ಹಳೇ ಫಾರ್ಮುಗಳನ್ನೆಲ್ಲ ತೆಗೆದು ನೋಡಿದ್ರೆ? ಪಾಪ ಎಷ್ಟು ಜನರದ್ದು ಉಂಟು."

"ಹಾಗಾದ್ರೆ ಯಾರ ಹೆಸರು?"

"ಅವರ ದೋಸ್ತಿ ಯಾರಾದ್ರೂ. ಇಲ್ಲದಿದ್ರೆ ಅವರೇ ತುಂಬಲಿ."

ಮನೆಯಲ್ಲಿ ಪೂವಪ್ಪನಿಗೂ ಹೇಳಿದೆ. ಮೀನು ಹುರಿಯುತ್ತಿದ್ದವನು ತಿರುಗಿಯೂ ನೋಡಲಿಲ್ಲ. "ನಿನ್ನ ಹೆಸರು ಎಲ್ಲಿಯೂ ಹಾಕ್ಬೇಡ ಮಾರಾಯ್ತಿ. ಆ ಪೇಜಿನ ಬೈಗಳೂ ನಿಂದೇ ಅಂತ ಗೊತ್ತಾದ್ರೆ?"

"ಸುಳ್ಯದಿಂದ ಮಂಗಳೂರಿಗೆ ನಡೆದು ಬಂದವರೂ ಹೀಗೆ ಹೇಳಿದ್ರೆ?"

"ಅವರನ್ನು ನೇಣಿಗೆ ಹಾಕಿದ್ರು" ಎಂದ. ಮೀನು ಮಗುಚಿದ.

ಹೀಗಾಗಿದ್ದರೆ, ಹಾಗಾಗಿದ್ದರೆ. ನಾನೂ ಒಂದು ಹೇಳಿಕೊಳ್ಳುತ್ತೇನೆ. ಬೀಡಿ ಸಂಘ ಬಿಟ್ಟು ವಿಮಾನ ಹತ್ತದಿದ್ದರೆ? ನನ್ನ ಹೆಸರು ಕರಪತ್ರದ ಕೆಳಗೆ, ಪೊಲೀಸರ ಪಟ್ಟಿಯಲ್ಲಿ, ದಪ್ಪ ಅಕ್ಷರದಲ್ಲಿ ಇರುತ್ತಿತ್ತು. ಹೊಟ್ಟೆಪಾಡು? ಅದು ಗೊತ್ತಿಲ್ಲ.

ಡಿಸೆಂಬರ್ 11, ಗುರುವಾರ. ಬೆಳಿಗ್ಗೆ ಎಂಟು

ಕಜೆತಾನ್ ಬಂದು ಶಟರಿನ ಎದುರು ನಿಂತಿದ್ದರು. ಉಮರ್ ಇನ್ನೂ ಬಂದಿಲ್ಲ. ಶಾರನ್‌ಳನ್ನು ಆಸ್ಪತ್ರೆಗೆ ಸೇರಿಸಿದ್ದಾರಂತೆ. ಜನವರಿವರೆಗೆ ಕಾಯುವುದು ಕಷ್ಟ, ಯಾವಾಗ ಬೇಕಾದರೂ ಆಗಬಹುದು ಎಂದಿದ್ದಾರೆ.

ಕ್ಷಮಿಸಿ ಎಂದೆ. ಈ ಸಲ ಹೇಳಿದೆ.

"ಪೇಜ್ ಡಿಲೀಟ್ ಮಾಡುದಾ?" ಕೇಳಿದರು. ಅವರು ಅಷ್ಟು ಮೆಲ್ಲ ಮಾತಾಡಿದ್ದನ್ನು ಕೇಳಿದ್ದೇ ಇಲ್ಲ.

"ಬೇಡ. ನಿಮ್ಮದು ತಪ್ಪು, ನನ್ನದು ಸರಿ. ಎರಡೂ ಇರಲಿ."

"ಬಾಯಿ! ತಪ್ಪು ನಿಮ್ಮದು!"

ಆಗ ಸಮಾಧಾನವಾಯಿತು.

ಸೆಂಟರಿನ ಕಂಪ್ಯೂಟರ್ ಹಾಕಲಿಲ್ಲ. ಪಕ್ಕದ ಕೆಫೆಟೇರಿಯಾದಲ್ಲಿ ಕೂತು ನನ್ನ ಮೊಬೈಲಿನಲ್ಲೇ ತುಂಬುತ್ತಿದ್ದೇನೆ. ನಡುನಡುವೆ ಇಲ್ಲಿ ಗೀಚುತ್ತೇನೆ. ಅವರು ಎದುರಿಗೆ, ಚಹಾ ಕುಡಿಯದೆ ಕೂತಿದ್ದಾರೆ. ಹ್ಯೂಸ್ಟನ್‌ನಿಂದ ಫೋನು ಬಂದೀತೆಂದು ಮೊಬೈಲ್ ಮಡಿಲಲ್ಲಿ. ಪ್ರತಿ ಪ್ರಶ್ನೆಯನ್ನೂ ಓದಿ ಹೇಳಿದೆ. ಪ್ರತಿ ಉತ್ತರವನ್ನೂ ಅವರ ಬಾಯಿಂದಲೇ ಕೇಳಿ ಬರೆದೆ. ಪೇಜಿನ ಹೆಸರು ಹಾಕಿದೆ.

ಯಾರಾದರೂ ಸಹಾಯ ಮಾಡಿದರೇ? ಹೌದು.

ಹೆಸರು: ಹರಿಣಾಕ್ಷಿ. ಸಂಸ್ಥೆಯ ಜಾಗದಲ್ಲಿ ಇಲ್ಲ ಎಂದು ಹಾಕಿದೆ. ವಿಳಾಸ: ನನ್ನ ಮನೆಯದು. ಹದಿನಾರು ವರ್ಷದ ಮೇಲೆ ನನ್ನ ಹೆಸರನ್ನು ನಾನೇ ಟೈಪ್ ಮಾಡಿದೆ. ಬೆರಳು ಎರಡು ಸಲ ತಪ್ಪಿತು.

ಮುಂದಿನ ಪ್ರಶ್ನೆ. ಅರ್ಜಿದಾರರಿಗೆ ನೀವು ಏನಾಗಬೇಕು?

ಓದಿ ಹೇಳಿದೆ. ಬೆಳಿಗ್ಗೆಯಿಂದ ಮೊದಲ ಸಲ ನಕ್ಕರು. "ವಿರೋಧ ಪಕ್ಷ ಅಂತ ಬರೀರಿ ಬಾಯಿ."

ಕಾಮ್ರೇಡ್ ಅಂತ ಬರೆದೆ. ಅಳಿಸಿದೆ. ಆ ದೇಶದ ಫಾರ್ಮಿನಲ್ಲಿ ಆ ಪದ ಹಾಕಿದರೆ ಮತ್ತೊಂದು ಕಾಗದ ಕೊಡುತ್ತಾರೆ. ಅಕ್ಕ ಅನ್ನೋಣವೆಂದರೆ ಅವರು ನನಗಿಂತ ಹಿರಿಯರು. ಗ್ರಾಹಕ — ಅದು ಸುಳ್ಳು. ಅವರೇ ಒಮ್ಮೆ ಪೇಜಿನಲ್ಲಿ ಬರೆದಿದ್ದರಲ್ಲ, ಕೆಂಬಾವುಟದ —

ಅವರ ಫೋನು ಹೊಡೆದುಕೊಳ್ಳುತ್ತಿದೆ. ಹ್ಯೂಸ್ಟನ್. ಎತ್ತಿದರು. ಮುಖ ನೋಡುತ್ತಿದ್ದೇನೆ. ಏನೂ ತಿಳಿಯುತ್ತಿಲ್ಲ. ಒಂದು ಕೈಯಲ್ಲಿ ಫೋನು. ಇನ್ನೊಂದು ಕೈಯಲ್ಲಿ ನನಗೆ ಸನ್ನೆ ಮಾಡುತ್ತಿದ್ದಾರೆ, ಬರೀರಿ, ಬೇಗ ಬರೀರಿ ಅಂತ. ಬರೆಯುತ್ತೇನೆ. ಗೆಳ