ಅಕ್ಕಿಯ ಮೇಲೆ ಬರೆದ ಹೆಸರು

ಶಾರ್ಲೆಟ್, ನಾರ್ತ್ ಕ್ಯಾರೊಲೈನಾ
9 ನವೆಂಬರ್ 1997

ನನ್ನ ನೀಲಕ್ಕನಿಗೆ, ನಿನ್ನ ತಂಗಿಯ ನಮಸ್ಕಾರ.

ಲಕೋಟೆಯ ಮೇಲೆ ನಿನ್ನ ಗಂಡನ ಮನೆಯ ಹೆಸರು ಸರೋಜಿನಿ ಅಂತಲೇ ಬರೆದಿದ್ದೇನೆ. ನೀಲಾ ಅಂತ ಬರೆದರೆ ನಿಮ್ಮ ಹುಬ್ಬಳ್ಳಿಯ ಪೋಸ್ಟ್‌ಮನ್ ಅಂಥವರು ಯಾರೂ ಇಲ್ಲ ಎಂದು ವಾಪಸ್ ಕಳಿಸಿಯಾನು. ಇಲ್ಲಿ ನನ್ನ ಪಾಸ್‌ಪೋರ್ಟಿನಲ್ಲೂ ಗಿರಿಜಾ ಎಂದೇ ಇದೆ. ಮದುವೆಯ ದಿನ ಗಂಡ ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಬರೆದ ಹೊಸ ಹೆಸರು ಎಷ್ಟು ಗಟ್ಟಿ ನೋಡು.

ಡೊರೊಥಿ ಆಂಟಿ ಶುಕ್ರವಾರ ತೀರಿಕೊಂಡರು. ಪಕ್ಕದ ಮನೆಯ ಮುದುಕಿ ಅಂತ ಬರೆಯುತ್ತಿದ್ದೆನಲ್ಲ, ಅವರೇ. ಹೋದ ವರ್ಷ ನನಗೆ ಹೊಟ್ಟೆಯ ಆಪರೇಷನ್ ಆದಾಗ ದಿನವೂ ಆಸ್ಪತ್ರೆಗೆ ಬಂದು ಕೈ ಹಿಡಿದು ಕೂತವರು. ನಮ್ಮ ಕಲ್ಮೇಶರಿಗೆ ಆಗಲೂ ದೂರದ ವಾಷಿಂಗ್ಟನ್ ಹತ್ತಿರ, ಶ್ಯಾಂಟಿಲಿಯಲ್ಲೇ ಕೆಲಸ, ಶನಿವಾರ ಬಂದು ಭಾನುವಾರ ಹೋಗುತ್ತಿದ್ದರು. ಗಂಡನಿಗಿಂತ ಹೆಚ್ಚು ನಾನು ಆಂಟಿಯ ಜೊತೆಗೇ ಬಾಳುವೆ ಮಾಡಿದೆ ಅನ್ನು.

ಆಂಟಿ ಹುಟ್ಟಿದ ದಿನವೇ ಅವರ ತಾಯಿ ಸತ್ತರಂತೆ. ಒಂದು ಫೋಟೊ ಕೂಡ ಇಲ್ಲ. ಉಳಿದದ್ದು ಒಂದೇ ಮಾತು: ತಾಯಿಯ ಕಡೆಯವರು ಆರುನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನಲ್ಲಿದ್ದ ಲೇಡಿ ಯೂಫೀಮಿಯಾ ಎಂಬ ದೊಡ್ಡ ಮನೆತನದ ಹೆಣ್ಣುಮಗಳ ವಂಶದವರು ಅಂತ. ಕ್ಯಾನ್ಸರ್ ಎಂದು ತಿಳಿದ ಮೇಲೆ ಆಂಟಿಗೆ ಅದೇ ಧ್ಯಾನ. ಸಾಯುವುದರೊಳಗೆ ಯೂಫೀಮಿಯಾಳಿಂದ ತಮ್ಮ ತಾಯಿಯವರೆಗೆ ಕೊಂಡಿ ಕೂಡಬೇಕು. ಅವರಿಗೆ ಕಣ್ಣು ಮಂಜು, ಓದಲು ನಾನು. ನೌಕರಿ ಮಾಡುವಂತಿಲ್ಲದ ಡಿಪೆಂಡೆಂಟ್ ವೀಸಾದವಳಿಗೆ ಬೇರೆ ಏನು ಘನಂದಾರಿ ಕೆಲಸವಿತ್ತು ಹೇಳು! ಲೈಬ್ರರಿಯಲ್ಲಿ ಹಳೆಯ ದಾಖಲೆಗಳ ಫಿಲ್ಮ್ ಸುರುಳಿ ತಿರುಗಿಸಿ ತಿರುಗಿಸಿ ಕುತ್ತಿಗೆ ಹಿಡಿದುಕೊಂಡಿತು.

ಒಂದೇ ಒಂದು ಕಡೆ ಬಿಟ್ಟು ಎಲ್ಲ ಕೂಡಿತು. ಯೂಫೀಮಿಯಾಳ ಮಗಳು ಕ್ರಿಸ್ಟಿಯಾನಾ. ಆಂಟಿಯ ವಂಶದಲ್ಲಿ ನಮಗೆ ಸಿಕ್ಕ ಅತಿ ಹಳೆಯ ತಾಯಿ ಮಾರ್ಜರಿ. ಅದೇ ಸೀಮೆ, ಅದೇ ಕಾಲ, ಇಬ್ಬರ ನಡುವಿನ ಕೊಂಡಿ ಮಾತ್ರ ಇಲ್ಲ. ಇದರಲ್ಲೇನು ಕಷ್ಟ ಅಂದೆ, ಮಹಾ ಜಾಣೆ ನಾನು. ತವರಿನಲ್ಲಿ ಕ್ರಿಸ್ಟಿಯಾನಾ, ಗಂಡನ ಮನೆಯಲ್ಲಿ ಮಾರ್ಜರಿ! ನಾನೇ ಶೀತಲ್ ಹೋಗಿ ಗಿರಿಜಾ ಆಗಲಿಲ್ಲವೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಆಂಟಿ ನಂಬಿಬಿಟ್ಟರು. ನನ್ನನ್ನು ತಬ್ಬಿಕೊಂಡು ಅತ್ತರು. ವಂಶವೃಕ್ಷವನ್ನು ಹಾಸಿಗೆಯ ಎದುರಿನ ಗೋಡೆಗೆ ಅಂಟಿಸಿಕೊಂಡು ಯೂಫೀಮಿಯಾಳನ್ನು ಗ್ರ್ಯಾನಿ ಎಂದು ಕರೆಯತೊಡಗಿದರು.

ಹೋದ ತಿಂಗಳು ಕಲ್ಮೇಶರ ಜೊತೆ ವಾಷಿಂಗ್ಟನ್ ಕಡೆ ಹೋದಾಗ, ಅಲ್ಲಿಯ ದೊಡ್ಡ ಲೈಬ್ರರಿಯಲ್ಲಿ ಇದನ್ನೆಲ್ಲ ಬಲ್ಲ ಒಬ್ಬರಿಗೆ ತೋರಿಸಿದೆ. ಹೊಗಳಲಿ ಅಂತಲೇ ತೋರಿಸಿದ್ದು, ಸುಳ್ಳೇಕೆ. ಅವರು ಮೆಲ್ಲಗೆ ಕೇಳಿದರು, ಮದುವೆಯಾದರೆ ಹುಡುಗಿಯ ಹೆಸರನ್ನೇ ಯಾಕೆ ಬದಲಿಸುತ್ತಾರೆ ಅಂತ. ಸ್ಕಾಟ್ಲೆಂಡಿನಲ್ಲಿ ಆಗಿನ ಹೆಂಗಸರು, ಇಟ್ಟ ಹೆಸರಿರಲಿ, ಅಪ್ಪನ ಮನೆತನದ ಹೆಸರನ್ನೂ ಬಿಡುತ್ತಿರಲಿಲ್ಲವಂತೆ. ಒಂದು ಪುಸ್ತಕ ತೆಗೆದು ತೋರಿಸಿದರು. ಕ್ರಿಸ್ಟಿಯಾನಾ ಮಕ್ಕಳಿಲ್ಲದೆ ಸತ್ತಿದ್ದಾಳೆ. ಮಾರ್ಜರಿ ಬೇರೆಯೇ ಹೆಣ್ಣು. ಅವಳು ಯಾರ ಮಗಳೋ, ಯಾರೂ ಬರೆದಿಟ್ಟಿಲ್ಲ.

ಕಾರಿನಲ್ಲಿ ಕಲ್ಮೇಶ್ ಅಂದರು, ಸಾಯೋ ಮುದುಕಿಗೆ ಅದನ್ನ ಯಾಕ ಎಕ್ಸ್‌ಪ್ಲೇನ್ ಮಾಡ್ತಿ, ಖುಷೀಲೆ ಹೋಗ್ಲಿ ಬಿಡು ಅಂತ. ನಾನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ ಅಕ್ಕಾ, ದೇವರಾಣೆ. ಆದರೆ ಆಂಟಿ ತಾಯಿಯ ಸಮಾಧಿಯ ಕಲ್ಲಿನ ಮೇಲೆ ಯೂಫೀಮಿಯಾಳ ಕುಲದವಳು ಎಂದು ಕೆತ್ತಿಸಲು ಹೇಳಿಬಿಟ್ಟಿದ್ದರು. ಆರ್ ಯು ಶೂರ್, ಮಗಳೇ, ಎಂದು ನನ್ನ ಮುಖ ನೋಡಿದರು. ಮಗಳೇ ಅನ್ನುವುದನ್ನು ನಾನೇ ಕಲಿಸಿದ್ದೆ. ಹೇಳಿಬಿಟ್ಟೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಗಾದರೆ ಗ್ರ್ಯಾನಿ ನನ್ನವಳಲ್ಲ ಅಂದರು. ಗೋಡೆಯ ಹಾಳೆ ತೆಗೆಸಿದರು. ಆಮೇಲೆ ನಾನು ಹೋದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ನಿದ್ದೆ ಅಲ್ಲ ಅಂತ ಗೊತ್ತಾಗುತ್ತಿತ್ತು. ಹಾಗೆಯೇ ಹೋದರು. ಹೇಳಬಾರದಿತ್ತೇನೋ. ನನ್ನ ಎದೆಯೇ ಒಡೆದಿದೆ, ನೀಲಕ್ಕ.

ಅಂದಿನಿಂದ ಅವ್ವನ ನೆನಪು. ಬಸವ್ವ ಎಂಬುದು ಮದುವೆಯಲ್ಲಿ ನಮ್ಮ ಅಪ್ಪನ ಮನೆಯವರು ಇಟ್ಟ ಹೆಸರಲ್ಲವೆ? ತವರಿನಲ್ಲಿ ಅವಳ ಹೆಸರೇನಿತ್ತು? ಅಲ್ಲಿ ಮಾಮಂದಿರು ಅಕ್ಕ ಅನ್ನುತ್ತಿದ್ದರು, ಅಜ್ಜಿಯೂ ಅಕ್ಕವ್ವ ಅಂತಲೇ ಕೂಗುತ್ತಿದ್ದಳು. ಕೇಳೋಣವೆಂದರೆ ಅವ್ವ ಹೋಗಿ ಎಷ್ಟು ವರ್ಷವಾಯಿತು, ಅವರೂ ಯಾರೂ ಉಳಿದಿಲ್ಲ. ಯಾರದೋ ದೇಶದ ಕ್ರಿಸ್ಟಿಯಾನಾ ಗೊತ್ತು, ಹೆತ್ತವಳ ಹೆಸರು ಗೊತ್ತಿಲ್ಲ. ಥೂ ನನ್ನ ಬಾಳಿಗೆ! ನಿನಗೆ ಗೊತ್ತಿದ್ದರೆ ಬರೆ.

ನೀನು ಕೂಗುವ ಹೆಸರಿನವಳು,
ಶೀತಲ್

ತಾ.ಕ.: ಹೋದ ವರ್ಷದ್ದು ಹೊಟ್ಟೆಯ ಆಪರೇಷನ್ ಅಲ್ಲ. ಹೆಣ್ಣು ಮಗು, ಉಸಿರಾಡಲಿಲ್ಲ. ನೀನು ಅಲ್ಲಿ ಒಬ್ಬಳೇ ಕೂತು ಅಳುತ್ತೀ ಅಂತ ಮುಚ್ಚಿಟ್ಟೆ. ಆಂಟಿ ತಮ್ಮ ತಾಯಿಯ ಪಕ್ಕದಲ್ಲಿ ಅದನ್ನು ಮಣ್ಣು ಮಾಡಿಸಿದರು. ಅದರ ಕಲ್ಲಿನ ಮೇಲೆ ಏನು ಬರೆಯಬೇಕು ಎಂದು ಚರ್ಚಿನವರು ಈಗಲೂ ಕೇಳುತ್ತಾರೆ. ಅವ್ವನ ಸ್ವಂತ ಹೆಸರು ಇಡಬೇಕು ಅಂತ ನನ್ನ ಆಸೆ. ನಿನಗೂ ಗೊತ್ತಿರಲಾರದು, ನಾವಿಬ್ಬರೂ ಅವಳನ್ನು ಅವ್ವಾ ಅಂತಲೇ ಕರೆದೆವಲ್ಲ.